ಮುಂಬೈ–ಲಂಡನ್ ವಿಮಾನದಲ್ಲಿ ಒಂದು ಸಂಕಷ್ಟಿ

ನಾಲ್ಕು ವರ್ಷಗಳ ಹಿಂದಿನ ಮಾರ್ಚ್ ತಿಂಗಳು. ಕುಂದಾಪುರದಲ್ಲಿ ಡಿಗ್ರಿ ಮುಗಿಸಿದ ಕೋಟದ ಹುಡುಗಿ ನಾನು, ಆಗ ಮುಂಬೈ–ಲಂಡನ್ ವಿಮಾನದಲ್ಲಿ ಕ್ಯಾಬಿನ್ ಕ್ರೂ. ದೂರ ಸುಮಾರು ಏಳು ಸಾವಿರದ ಇನ್ನೂರು ಕಿಲೋಮೀಟರ್, ಹಾರಾಟ ಒಂಬತ್ತೂವರೆ ಗಂಟೆ.

ಕಿಟಕಿ ಪಕ್ಕದ ಸೀಟಿನಲ್ಲಿ ಗಿರಿಜಮ್ಮ ಕೂತಿದ್ದರು. ಮರವಂತೆಯವರು, ಮೀನು ಮಾರುವ ವೃತ್ತಿ, ಮಗಳ ಬಾಣಂತನಕ್ಕೆ ಹೊರಟಿದ್ದರು. ಊಟದ ಟ್ರೇ ಇಟ್ಟರೆ ಹಿಂದಕ್ಕೆ ತಳ್ಳಿ, ನಮ್ಮ ಕಡೆ ಹುಡುಗಿಯರನ್ನು ಕರೆಯುವಂತೆ ‘ಹೆಣೆ’ ಎಂದು ಕರೆದರು.

“ಇವತ್ ಸಂಕಷ್ಟಿ ಹೆಣೆ. ಚಂದ್ರ ಕಾಣ್ದೆ ನಾ ಉಂಬುದಿಲ್ಲೆ.”

“ಅಲ್ಲಿವರೆಗೆ ತಡ್ಕಂಬುಕೆ ಆತ್ತಾ ಅಮ್ಮ?”

“ಎಂತ ತಡ್ಕಂಬುದ್! ಒಂದೂವರೆಗೆ ಬಿಟ್ರೆ ಐದೂವರೆಗೆ ಇಳಿಸ್ತ್ ಅಂದೇಳಿ ಟಿಕೆಟಲ್ಲೇ ಇತ್. ನಾಕ್ ಗಂಟೆ. ರಾತ್ರಿ ಮಗಳ್ ಮನೆಯಲ್ ಚಂದ್ರನ್ ಕಂಡ್ ಉಂತೆ. ಬಸ್ಸಲ್ ಮಂಗ್ಳೂರಿಗೆ ಹೋಯಿ ಬಪ್ಪುಕೇ ಅದಕ್ಕಿಂತ ಜಾಸ್ತಿ ಬೇಕಲೆ ಮಾರಾಯ್ತಿ!”

ಟಿಕೆಟ್‌ನಲ್ಲಿ ಹೊರಡುವುದು ಮುಂಬೈ ಗಂಟೆ, ಇಳಿಯುವುದು ಲಂಡನ್ ಗಂಟೆ. ಲಂಡನ್ ಗಡಿಯಾರ ಆಗ ಐದೂವರೆ ತಾಸು ಹಿಂದೆ. ವಿವರಿಸಿದೆ. ಅವರು ನಂಬದವರಂತೆ ನಕ್ಕು, ಕಿಟಕಿಯತ್ತ ತಿರುಗಿದರು. ಉಪವಾಸವಿರುವವರು ಪ್ರತಿ ವಿಮಾನದಲ್ಲೂ ಇರುತ್ತಾರೆಂದು ನಾನೂ ಮುಂದಿನ ಸಾಲಿಗೆ ಹೋದೆ.

ಪಶ್ಚಿಮಕ್ಕೆ ಹಾರುವಾಗ ಹಗಲು ಹಿಗ್ಗುತ್ತದೆ. ಊರಲ್ಲಿ ಕತ್ತಲಾಗಿ ಬಹಳ ಹೊತ್ತಾದರೂ ನಮ್ಮ ಕಿಟಕಿಯಲ್ಲಿ ಬಿಸಿಲು. ಹೊರಟು ಎಂಟು ತಾಸಾಗಿತ್ತು. ಲೋಟ ಎತ್ತಿಕೊಳ್ಳಲು ಹೋದವಳು ಅವರ ಹಣೆ ನೋಡಿ ನಿಂತೆ. ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು.

“ಶುಗರ್ ಇತ್ತಾ ಅಮ್ಮ?”

“ಇತ್. ಸಂಕಷ್ಟಿ ದಿನ ಮಾತ್ರೆ ಬಿಡ್ತೆ. ಇವತ್... ಮಗಳ್ ಫೋನಲ್ ಬೈದ್ಲ್, ಪ್ರಯಾಣದಂಗೆ ಬಿಡ್‌ಬೇಡ ಅಂದೇಳಿ. ತಕಂಡೆ.”

ಉಪವಾಸದ ಸುದ್ದಿ ಮಗಳಿಗೆ ಹೇಳಿರಲಿಲ್ಲ. ಖಾಲಿ ಹೊಟ್ಟೆಗೆ ಬಿದ್ದ ಮಾತ್ರೆ ರಕ್ತದ ಸಕ್ಕರೆಯನ್ನು ಕೆಳಗೆಳೆಯುತ್ತಿತ್ತು. ವೈದ್ಯರಿದ್ದರೆ ಬನ್ನಿ ಎಂದು ಮೈಕಿನಲ್ಲಿ ಕೂಗಿದೆವು, ಯಾರೂ ಏಳಲಿಲ್ಲ. ಹತ್ತಿರದ ವಿಮಾನ ನಿಲ್ದಾಣಕ್ಕೆ ನಲವತ್ತು ನಿಮಿಷ ಎಂದರು ಕ್ಯಾಪ್ಟನ್. ಜ್ಞಾನ ತಪ್ಪಿದರೆ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಕಣ್ಣುಗಳು ಆಗಲೇ ಮುಚ್ಚಿಕೊಳ್ಳುತ್ತಿದ್ದವು. ಸಕ್ಕರೆ ಬೆರೆಸಿದ ಜ್ಯೂಸ್ ತುಟಿಗಿಟ್ಟರೆ ಬಿಗಿಯಾಗಿ ಬಾಯಿ ಮುಚ್ಚಿದರು.

“ಸೂರ್ಯನೇ ಮುಳ್ಗಲಿಲ್ಲೆ. ಚಂದ್ರ ಎಲ್ಲಿತ್ ಹೆಣೆ?”

ತರಬೇತಿಯಲ್ಲಿ ಕಲಿತದ್ದೆಲ್ಲ ಅಲ್ಲಿಗೆ ಮುಗಿದಿತ್ತು. ಅವರ ಮಣಿಕಟ್ಟು ಹಿಡಿದು ವಾಚನ್ನು ಕಣ್ಣೆದುರು ತಂದೆ. ಅದರಲ್ಲಿ ಇನ್ನೂ ಊರಿನ ಗಂಟೆಯೇ ಇತ್ತು.

“ಅಮ್ಮ, ಕಾಣಿ. ಒಂಬತ್ತೂವರೆ. ಮರವಂತೆಯಂಗೆ ಚಂದ್ರ ಬಂದಾಯ್ತ್. ನಿಮ್ಮ ಮನೆಯರ್ ಕಂಡ್ ಕೈ ಮುಗ್ದಾಯ್ತ್. ಈ ಸೂರ್ಯ ನಮ್ಮೂರಿಂದಲ್ಲ.”

ಅವರು ವಾಚನ್ನೇ ನೋಡುತ್ತಿದ್ದರು. ಆಮೇಲೆ ಕೈಗಳನ್ನು ಜೋಡಿಸಿ, ಬಾಯಿ ತೆರೆದರು.

ಒಂದು ಲೋಟ, ಇನ್ನೊಂದು, ಆಮೇಲೆ ಬಿಸ್ಕತ್ತು. ಕಾಲು ಗಂಟೆಯಲ್ಲಿ ಮಾತು ತಿಳಿಯಾಯಿತು, ವಿಮಾನ ತಿರುಗಿಸಬೇಕಾಗಲಿಲ್ಲ. ಲಂಡನ್‌ನಲ್ಲಿ ಇಳಿದಾಗ ಇನ್ನೂ ಹಗಲಿತ್ತು. ವೀಲ್‌ಚೇರಿನಲ್ಲಿ ಕೂತವರು ನನ್ನನ್ನು ಹತ್ತಿರ ಕರೆದರು.

“ಇಲ್ಲಿ ಚಂದ್ರ ಬಂದ್ರೆ ಮತ್ತೊಂದ್ ಸಲ ಕೈ ಮುಗಿಕಾ ಹೆಣೆ?”

“ಮುಗೀರಿ ಅಮ್ಮ. ಊಟ ಮಾಡ್ಕಂಡ್ ಮುಗೀರಿ.”

ಅಂದು ಲೋಟ ಎತ್ತಲು ಹತ್ತು ನಿಮಿಷ ತಡವಾಗಿ ಹೋಗಿದ್ದರೆ? ಈ ಲೆಕ್ಕ ಈಗಲೂ ನಿದ್ದೆ ಕೆಡಿಸುತ್ತದೆ. ಪ್ರಯಾಣ ಎಷ್ಟು ಉದ್ದವೆಂಬುದು ನಮಗೆ ಗೊತ್ತಿದ್ದರೆ ಸಾಲದು, ಎದುರಿಗಿರುವವರು ಎಷ್ಟೆಂದುಕೊಂಡು ಹೊರಟಿದ್ದಾರೆಂಬುದೂ ಗೊತ್ತಿರಬೇಕು. ಮುಟ್ಟದ ಟ್ರೇ ಕಂಡರೆ ನಾನೀಗ ಎತ್ತಿಕೊಂಡು ಹೋಗುವುದಿಲ್ಲ. ಪಕ್ಕದಲ್ಲಿ ಮಂಡಿಯೂರಿ ಕೇಳುತ್ತೇನೆ: ಕೊನೆಯ ಸಲ ಊಟ ಮಾಡಿದ್ದು ಯಾವಾಗ?