ಎಡಗಡೆಯ ಸೀಟು

ಕಾರಿನ ಬ್ಯಾಟರಿ ಸಾಯಬಾರದು ಅಂತ ನನ್ನ ಗಂಡ ನನಗೊಂದು ಕೆಲಸ ಹಚ್ಚಿದ್ದರು. ದಿನಾ ಬೆಳಿಗ್ಗೆ ಹತ್ತು ನಿಮಿಷ ಇಂಜಿನ್ ಸ್ಟಾರ್ಟ್ ಮಾಡಿ ಇಡುವುದು, ಅಷ್ಟೆ. ಅವರದು ಮರುಭೂಮಿಯ ಒಳಗೆ ಎಣ್ಣೆ ಬಾವಿಯ ಸೈಟಿನಲ್ಲಿ ಕೆಲಸ. ಮೂರು ವಾರ ಅಲ್ಲಿ, ಒಂದು ವಾರ ಓಮಾನಿನ ನಿಜ್ವಾ ಅನ್ನುವ ಊರಿನ ನಮ್ಮ ಮನೆಯಲ್ಲಿ. ಹೋಗಿಬರುವುದಕ್ಕೆ ಕಂಪನಿಯ ಬಸ್ಸು. ಹಾಗಾಗಿ ಆ ಮೂರು ವಾರವೂ ನಮ್ಮ ಹಳೆಯ ಕಾರು ಕಟ್ಟಡದ ಹಿಂದಿನ ಅಂಗಳದಲ್ಲಿ ತಗಡಿನ ನೆರಳಿನಡಿ ನಿಂತಿರುತ್ತಿತ್ತು. ನಾನು ಮೇಲಿನ ಮಹಡಿಯ ಕಿಟಕಿಯಲ್ಲಿ ನಿಂತಿರುತ್ತಿದ್ದೆ.

ಆ ಕೆಲಸವನ್ನು ನಾನು ಮಾಡುತ್ತಿದ್ದ ರೀತಿ ಹೇಳಿದರೆ ಈಗ ನನಗೇ ನಗು ಬರುತ್ತದೆ. ಓಮಾನಿನ ಕಾರುಗಳಲ್ಲಿ ಸ್ಟೇರಿಂಗ್ ಎಡಕ್ಕೆ. ನಾನು ಬಲಗಡೆಯ ಬಾಗಿಲು ತೆಗೆದು, ನನ್ನ ಮಾಮೂಲಿ ಸೀಟಿನಲ್ಲಿ ಕೂತು, ಅಲ್ಲಿಂದಲೇ ಕೈ ಚಾಚಿ ಕೀ ತಿರುಗಿಸುತ್ತಿದ್ದೆ. ಡ್ರೈವರ್ ಸೀಟಿನಲ್ಲಿ ಕೂರುವಷ್ಟು ಧೈರ್ಯವೂ ಇರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಕಲಿಯಲು ಹೋಗಿ ಪಕ್ಕದ ಮನೆಯ ಗೇಟಿಗೆ ಗುದ್ದಿದ್ದೆ. ಅಪ್ಪ ಲುಂಗಿಯ ಮಣ್ಣು ಕೊಡವಿಕೊಂಡು ಎದ್ದು, "ಬಿಡು ಮಗಾ, ಇದು ನಿನಗೆ ಹೇಳಿದ್ದಲ್ಲ" ಅಂದಿದ್ದರು. ಸಿಟ್ಟಿನಿಂದ ಅಲ್ಲ, ಪ್ರೀತಿಯಿಂದ. ಬೈದಿದ್ದರೆ ಹಠಕ್ಕಾದರೂ ಕಲಿತುಬಿಡುತ್ತಿದ್ದೆ, ನನ್ನದು ಅಂಥದೇ ಬುದ್ಧಿ. ಪ್ರೀತಿಯಿಂದ ಹೇಳಿದ್ದಕ್ಕೆ ಎದುರುತ್ತರ ಹೊಳೆಯಲಿಲ್ಲ. ಹದಿನಾರು ವರ್ಷ ಆ ಮಾತನ್ನು ನಂಬಿಕೊಂಡೇ ಇದ್ದೆ.

ನಿಜ್ವಾದಲ್ಲಿ ಕಾರು ಬಿಡಲು ಬಾರದವರು ಮನೆಯಲ್ಲೇ ಇರಬೇಕು. ಎದುರು ಮನೆಯಲ್ಲಿ ಕೇರಳದ ನರ್ಸ್ ಒಬ್ಬಳಿದ್ದಳು. ತರಕಾರಿಗೆ, ಡಾಕ್ಟರ ಹತ್ತಿರ, ಎಲ್ಲಿಗೆ ಹೊರಟರೂ ಅವಳು ಬಾಗಿಲು ತಟ್ಟಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಅವಳು ಕೆಲಸ ಬಿಟ್ಟು ಊರಿಗೆ ಹೋದಮೇಲೆ ನನ್ನ ಬಾಗಿಲು ತಟ್ಟುತ್ತಿದ್ದವನು ನೀರಿನ ಕ್ಯಾನ್ ತರುವವನು ಒಬ್ಬನೇ. "ಎಷ್ಟು?" ಅಂತ ಅವನು ಹಿಂದಿಯಲ್ಲಿ ಕೇಳುವುದು, "ಎರಡು" ಅಂತ ನಾನು ಹೇಳುವುದು. ಕೆಲವು ದಿನ ಮಗಳು ಸ್ಕೂಲಿನಿಂದ ಬರುವ ತನಕ ನಾನು ಆಡಿದ ಮಾತು ಆ "ಎರಡು" ಮಾತ್ರ. ಅವಳಾದರೂ ಬಂದವಳೇ ಊಟ ಮಾಡಿ ಇಂಗ್ಲಿಷ್ ಕಾರ್ಟೂನಿನ ಮುಂದೆ ಕೂರುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಅತ್ತೂ ಇದ್ದೇನೆ.

ನವೆಂಬರಿನಲ್ಲಿ ಒಂದು ದಿನ ಹನ್ನೊಂದು ಗಂಟೆಗೆ ಸ್ಕೂಲಿನಿಂದ ಫೋನ್ ಬಂತು. ಮಗಳಿಗೆ ಜೋರು ಜ್ವರ, ಬಂದು ಕರೆದುಕೊಂಡು ಹೋಗಿ ಅಂದರು. ಗೊತ್ತಿದ್ದ ಟ್ಯಾಕ್ಸಿಯವನು ಮಸ್ಕತ್ತಿಗೆ ಹೋಗಿದ್ದ. ಇನ್ನೊಬ್ಬ ಈಗ ಬಂದೆ, ಈಗ ಬಂದೆ ಅಂತ ಬರಲೇ ಇಲ್ಲ. ಕೊನೆಗೆ ಬಿಸಿಲಲ್ಲಿ ರಸ್ತೆಯ ತನಕ ನಡೆದು, ಕೈ ತೋರಿಸಿ, ಹೇಗೋ ಒಂದು ಗಾಡಿ ಹಿಡಿದು ನಾನು ಸ್ಕೂಲು ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ ಕಳೆದಿತ್ತು. ಮಗಳು ಔಷಧಿ ಕೋಣೆಯ ಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. "ಇಟ್ಸ್ ಓಕೆ ಅಮ್ಮಾ, ಯು ಕಾಂಟ್ ಡ್ರೈವ್ ನೋ" ಅಂದಳು. ನನಗೆ ಸಮಾಧಾನ ಮಾಡುತ್ತಿದ್ದಳು, ಎಂಟು ವರ್ಷದವಳು.

ಆ ರಾತ್ರಿ ಗಂಡನಿಗೆ ಫೋನಿನಲ್ಲಿ ವಿಷಯ ಹೇಳಿದೆ. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೀಗೆ ಆಗುದಿಲ್ಲ ಮಾರಾಯ್ತಿ. ಮಾರ್ಚಿಗೆ ಪರೀಕ್ಷೆ ಮುಗೀಲಿ, ನೀವಿಬ್ಬರೂ ಮಂಗಳೂರಿಗೆ ಹೋಗಿ ಇರಿ. ನಾನು ಇಲ್ಲಿ ಹೇಗೂ ಸುಧಾರಿಸ್ತೇನೆ."

ಮಗಳಿಗೆ ನಾಲ್ಕಾಗುವ ತನಕ ನಾವು ಹಾಗೇ ಬೇರೆ ಬೇರೆ ಇದ್ದವರು. ರಜೆಗೆ ಬಂದ ಅಪ್ಪನನ್ನು ಅವಳು ವಿಮಾನ ನಿಲ್ದಾಣದಲ್ಲಿ "ಅಂಕಲ್" ಅಂದಿದ್ದಳು. ಅವರು ನಗುತ್ತಾ ಎತ್ತಿಕೊಂಡರು. ಕಾರಿನಲ್ಲಿ ಮಂಗಳೂರು ದಾಟುವ ತನಕ ಕಿಟಕಿಯ ಹೊರಗೇ ನೋಡುತ್ತಾ ಕೂತಿದ್ದರು. ಅದು ಇನ್ನೊಮ್ಮೆ ಬೇಡ.

"ನಾನು ಲೈಸೆನ್ಸ್ ಮಾಡ್ತೇನೆ" ಅಂದೆ.

"ನೀನಾ?" ಅಂದರು. ಕುಶಾಲಿಗೆ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಮತ್ತೆ, "ಆಯ್ತು, ಮಾರ್ಚ್ ತನಕ ನೋಡುವ. ಟಿಕೆಟ್ ಮಾತ್ರ ಈಗಲೇ ಮಾಡಿಡ್ತೇನೆ" ಅಂದರು.

ಮರುದಿನ ಬೆಳಿಗ್ಗೆ ನಾನು ಎಡಗಡೆಯ ಬಾಗಿಲು ತೆಗೆದೆ. ಕೂತೆ. ಹತ್ತು ನಿಮಿಷ ಬೇರೇನೂ ಮಾಡಲಿಲ್ಲ. ಒಂದು ವಾರ ಕೂತದ್ದೇ. ಎರಡನೇ ವಾರ ಬ್ರೇಕ್ ಒತ್ತಿ ಗೇರು ಹಾಕಿ, ಪುನಃ ತೆಗೆದು ಇಟ್ಟೆ. ಅಷ್ಟರಲ್ಲಿ ಕಲಿಯುವವರ ಕಾಗದಪತ್ರ ಮಾಡಿಸಿದ್ದೆ. ವಾರಕ್ಕೆ ಎರಡು ದಿನ ಓಮಾನಿ ಟೀಚರ್ ಒಬ್ಬಳು ತನ್ನ ಕಾರು ತಂದು ಕಲಿಸುತ್ತಿದ್ದಳು. ಮಿಕ್ಕ ದಿನಗಳಲ್ಲಿ ನನಗೆ ನಾನೇ ಟೀಚರ್. ಅಂಗಳಕ್ಕೆ ಸುತ್ತ ಗೋಡೆ ಇತ್ತು, ಮನೆ ಮಾಲೀಕರು ಆಗಲಿ ಅಂದಿದ್ದರು. ಒಂದು ಕಾರಿನಷ್ಟು ಮುಂದೆ, ಒಂದು ಕಾರಿನಷ್ಟು ಹಿಂದೆ. ಮಗಳ ಬಸ್ಸು ಹೋದಕೂಡಲೇ ಹತ್ತು ನಿಮಿಷ, ಹೆಚ್ಚಿಲ್ಲ. ಹೆಚ್ಚು ಮಾಡಿದರೆ ನಾಳೆ ಅಂಗಳಕ್ಕೆ ಇಳಿಯಲು ಮನಸ್ಸಾಗುವುದಿಲ್ಲ ಅಂತ ನನಗೆ ನನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಎಲ್ಲರೂ ಹೆದರುವುದು ಡ್ರಮ್ ಟೆಸ್ಟಿಗೆ. ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ನಡುವಿನ ಜಾಗಕ್ಕೆ, ಒಂದಕ್ಕೂ ತಾಗಿಸದೆ, ಕಾರನ್ನು ಹಿಂದೆ ತಂದು ನಿಲ್ಲಿಸಬೇಕು. ಅದರಲ್ಲಿ ಪಾಸಾದರೆ ಏರಿನಲ್ಲಿ ಕಾರು ಹತ್ತಿಸುವ ಟೆಸ್ಟು, ಆಮೇಲೆ ರಸ್ತೆಯದು. ನಾನು ಅಂಗಳದಲ್ಲಿ ಖಾಲಿ ನೀರಿನ ಕ್ಯಾನುಗಳನ್ನು ಡ್ರಮ್ಮಿನ ಹಾಗೆ ಇಟ್ಟುಕೊಂಡೆ. ಮೊದಮೊದಲು ದಿನಕ್ಕೆ ಐದು ಕ್ಯಾನ್ ಉರುಳುತ್ತಿದ್ದವು.

ಮಾಲೀಕರ ತಾಯಿ ನೆಲ ಅಂತಸ್ತಿನಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಹೊರಗೆ ಗೋಡೆಯ ಬದಿಗೆ ಬಿಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ನನ್ನನ್ನೇ ನೋಡುತ್ತಿದ್ದರು. ಅವರ ಮಕ್ಕಳೆಲ್ಲ ಮಸ್ಕತ್ತಿನಲ್ಲಿ. ನನಗೆ ಅರಬ್ಬಿ ಬರುವುದಿಲ್ಲ, ಅವರಿಗೆ ಟಿವಿಯಿಂದ ಕಲಿತ ನಾಲ್ಕು ಹಿಂದಿ ಶಬ್ದ. ಕ್ಯಾನ್ ಬಿದ್ದರೆ "ಶ್ವಯ್ ಶ್ವಯ್" ಅನ್ನುತ್ತಿದ್ದರು, ನಿಧಾನ, ಸ್ವಲ್ಪ ಸ್ವಲ್ಪ ಅಂತ. ಬೀಳದಿದ್ದರೆ "ಖಲಾಸ್", ಆಯ್ತು, ಮುಗಿಯಿತು ಅಂದು ಒಂದು ಖರ್ಜೂರ, ಒಂದು ಸಣ್ಣ ಲೋಟ ಕಾಫಿ ಕೊಡುತ್ತಿದ್ದರು. ದಿನದಲ್ಲಿ ಒಬ್ಬರು ನನ್ನನ್ನು ನೋಡುತ್ತಿದ್ದಾರೆ ಅನ್ನುವುದೇ ನನಗೆ ದೊಡ್ಡದಾಗಿತ್ತು. ಜನವರಿಯಲ್ಲಿ ಸಾಲಾಗಿ ಹನ್ನೆರಡು ದಿನ ಒಂದೂ ಕ್ಯಾನ್ ಬೀಳಲಿಲ್ಲ. ನಾನು ನೆಗೆದುಕೊಂಡೇ ಟೆಸ್ಟಿಗೆ ಹೋದೆ.

ಮೊದಲನೇ ತಿರುವಿಗೇ ಡ್ರಮ್ಮಿಗೆ ಗುದ್ದಿದೆ. ತಗಡಿನ ಶಬ್ದ ಇಡೀ ಮೈದಾನಕ್ಕೆ ಕೇಳಿತು. ಟೆಸ್ಟು ಮಾಡುವ ಪೊಲೀಸಮ್ಮ ಕಾಗದದ ಮೇಲೆ ಏನೋ ಗೀಚಿ "ಯಲ್ಲಾ" ಅಂದಳು, ಇಳಿ ಅಂತ. ಟೀಚರ್ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬರುವಾಗ ದಾರಿಯುದ್ದಕ್ಕೂ ಅಪ್ಪನ ಮಾತು. ಇದು ನಿನಗೆ ಹೇಳಿದ್ದಲ್ಲ. ಆ ದಿನ ಗಂಡನಿಗೆ ಫೋನಿನಲ್ಲಿ "ಫೇಲ್" ಅಂತ ಮಾತ್ರ ಹೇಳಿದೆ. ಅವರು ಪಾಪ, "ಪರವಾಗಿಲ್ಲ, ಟಿಕೆಟ್ ಉಂಟಲ್ಲ" ಅಂದರು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಅಂಗಳಕ್ಕೆ ಹೋಗಬಾರದು ಅಂತಲೇ ಇದ್ದೆ. ಆದರೆ ಬ್ಯಾಟರಿ ಇತ್ತಲ್ಲ, ಇಳಿಯಲೇಬೇಕು. ಇಳಿದೆ, ಕೂತೆ, ಕಾರು ಹಿಂದೆ ತಂದೆ, ಒಂದು ಕ್ಯಾನೂ ಬೀಳಲಿಲ್ಲ. ಹಾಗಾದರೆ ನಿನ್ನೆ ಎಂತ ಆದದ್ದು? ಇನ್ನೊಮ್ಮೆ ಹಿಂದೆ ತರುವಾಗ ಗೊತ್ತಾಯಿತು. ನಾನು ಕ್ಯಾನುಗಳನ್ನು ನೋಡುತ್ತಲೇ ಇರಲಿಲ್ಲ. ಅಜ್ಜಿಯ ಬಿಳಿ ಕುರ್ಚಿ ಬದಿಯ ಕಿಟಕಿಗೆ ಸರಿಯಾಗಿ ಬಂದಾಗ ಸ್ಟೇರಿಂಗ್ ಪೂರ್ತಿ ತಿರುಗಿಸುತ್ತಿದ್ದೆ. ತಿಂಗಳುಗಟ್ಟಲೆ ನಾನು ಬಾಯಿಪಾಠ ಮಾಡಿದ್ದು ಒಬ್ಬ ಮುದುಕಿಯನ್ನು. ಪೊಲೀಸರ ಮೈದಾನದಲ್ಲಿ ಅವರೆಲ್ಲಿಂದ ಬರಬೇಕು!

ಕಾರಿನಿಂದ ಇಳಿದು ಕುರ್ಚಿ ತೋರಿಸಿ, ಕೈಬಾಯಿ ಎಲ್ಲ ಆಡಿಸಿ, ದಿನಾ ಬೇರೆ ಬೇರೆ ಕಡೆ ಕೂರಬೇಕು ಅಂತ ಹೇಗೋ ತಿಳಿಸಿದೆ. ಅರ್ಥವಾದಮೇಲೆ ಅವರು ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನಕ್ಕರು. ಮಾರನೆಯ ದಿನದಿಂದ ಕುರ್ಚಿ ಒಮ್ಮೆ ನಲ್ಲಿಯ ಹತ್ತಿರ, ಒಮ್ಮೆ ಗೇಟಿನ ಹತ್ತಿರ, ಒಮ್ಮೆ ನನಗೆ ಕಾಣದ ಹಾಗೆ ತಗಡಿನ ನೆರಳಿನ ಕಂಬದ ಮರೆಯಲ್ಲಿ. ನನ್ನ ಕ್ಯಾನುಗಳು ಪುನಃ ಉರುಳತೊಡಗಿದವು. ಐದು, ಮೂರು, ನಾಲ್ಕು, ಒಂದು. ಕನ್ನಡಿಯಲ್ಲಿ ನೋಡಬೇಕಾದ್ದನ್ನು ನೋಡಲು ಕಲಿತದ್ದು ಆಗಲೇ.

ಫೆಬ್ರವರಿಯ ಕೊನೆಗೆ ಒಂದು ಬೆಳಿಗ್ಗೆ ಕುರ್ಚಿ ಎಲ್ಲೂ ಇರಲಿಲ್ಲ. ಮಂಡಿನೋವು ಜಾಸ್ತಿಯಾಗಿ ಮಗ ಬಂದು ಮಸ್ಕತ್ತಿನ ಬೌಷರಿನ ತನ್ನ ಮನೆಗೆ ಕರೆದುಕೊಂಡು ಹೋದನಂತೆ. ನೀರಿನವನು ಹೇಳಿದ. ಆ ದಿನ ಕ್ಯಾನ್ ಬೀಳಲಿಲ್ಲ, ಯಾರೂ ಖಲಾಸ್ ಅನ್ನಲಿಲ್ಲ. ಖಾಲಿ ಅಂಗಳದಲ್ಲಿ ಇಂಜಿನ್ ಆಫ್ ಮಾಡಿ ಕೂತಿದ್ದೆ. ಅವರ ಹೆಸರನ್ನೂ ನಾನು ಕೇಳಿರಲಿಲ್ಲ. ಮರುದಿನವೂ ಇಳಿದೆ, ಅದರ ಮರುದಿನವೂ.

ಮಾರ್ಚಿನಲ್ಲಿ ಡ್ರಮ್ಮು, ಏರು, ರಸ್ತೆ ಮೂರೂ ಪಾಸಾಯಿತು. ಲೈಸೆನ್ಸ್ ಹಿಡಿದುಕೊಂಡು ಮನೆಗೆ ಬಂದರೆ ಹೇಳಲು ಯಾರೂ ಇಲ್ಲ. ಮಗಳು ಸ್ಕೂಲಿನಲ್ಲಿ, ನೆಲ ಅಂತಸ್ತಿನ ಬಾಗಿಲಿಗೆ ಬೀಗ. ಅಷ್ಟು ಖುಷಿಯ ದಿನ ಅಷ್ಟು ಒಂಟಿ ಅನಿಸಿದ್ದು ಬೇರೆ ಯಾವತ್ತೂ ನನಗೆ ನೆನಪಿಲ್ಲ. ಗಂಡನಿಗೆ ಫೋನ್ ಮಾಡಲಿಲ್ಲ. ಎರಡು ದಿನದಲ್ಲಿ ಅವರು ಬರುವವರಿದ್ದರು.

ಕಂಪನಿಯ ಬಸ್ಸು ಅವರನ್ನು ಹೆದ್ದಾರಿಯ ಪೆಟ್ರೋಲ್ ಪಂಪಿನ ಎದುರು ಇಳಿಸುತ್ತದೆ. ನಾನು ಕಾಲು ಗಂಟೆ ಮೊದಲೇ ಹೋಗಿ ಕಾರಿನಲ್ಲೇ ಕಾದು ಕೂತಿದ್ದೆ. ಅವರು ಇಳಿದು, ನಮ್ಮ ಕಾರು ನೋಡಿ, ನನ್ನನ್ನು ನೋಡಿ, ಸುತ್ತ ಯಾರನ್ನೋ ಹುಡುಕಿದರು.

"ಯಾರು ತಂದದ್ದು ಕಾರು?"

ನಾನು ಲೈಸೆನ್ಸ್ ಎತ್ತಿ ತೋರಿಸಿದೆ. ಅವರು ಅದನ್ನು ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದರು. ಆಮೇಲೆ ಅಭ್ಯಾಸಬಲದಿಂದ ಎಡಗಡೆಯ ಬಾಗಿಲಿನ ಹತ್ತಿರವೇ ನಿಂತು, "ಸರಿ ಇಳಿ, ನಾನು ಬಿಡ್ತೇನೆ" ಅಂದರು.

"ಬೇಡ. ನೀವು ಆಚೆಯಿಂದ ಬನ್ನಿ."

ಅವರು ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಮತ್ತೆ ಸುತ್ತು ಹಾಕಿ ಬಂದು ನನ್ನ ಹಳೆಯ ಸೀಟಿನಲ್ಲಿ ಕೂತರು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ, ಆ ದಿನ ಮಗಳು ಕೂತ ಹಾಗೆ. ಮೊದಲ ರೌಂಡಬೌಟ್ ದಾಟಿದಮೇಲೆ ಮೆಲ್ಲಗೆ, "ಟಿಕೆಟ್ ಕ್ಯಾನ್ಸಲ್ ಮಾಡ್ಬೇಕಲ್ಲ" ಅಂದರು.

"ಮಾಡಿ. ಆದ್ರೆ ಈಗ ನನ್ನ ಹತ್ರ ಮಾತಾಡ್ಬೇಡಿ, ನಾನು ಕಾರು ಬಿಡ್ತಾ ಇದ್ದೇನೆ" ಅಂದೆ.

ಯಾರಾದರೂ ಒಂದು ಮಾತಾಡಲಿ ಅಂತ ಮೂರು ವಾರ ಕಾದಿದ್ದವಳು ನಾನೇ.