ಮಾಳಿಗೆ ಮಣ್ಣಿನ ರುಚಿ

ನಾನು ಚಿಕ್ಕವಳಿದ್ದಾಗ ಕಂಡದ್ದಕ್ಕೆಲ್ಲ ಹೇಸುತ್ತಿದ್ದೆ. ಹಾಲಿನ ಕೆನೆ ಕಂಡರೆ ಹೇಸಿಕೆ, ಎಮ್ಮೆಯ ಜೊಲ್ಲು ಕಂಡರೆ ಹೇಸಿಕೆ. ಸೆಗಣಿ ಸಾರಿಸಿದ ಹಸಿ ನೆಲದ ಮೇಲೆ ಹಿಮ್ಮಡಿ ಎತ್ತಿ ನಡೆಯುತ್ತಿದ್ದೆ. ಮೊಮ್ಮಕ್ಕಳಾದ ನೀವು ಈಗ ‘ಯಕ್’ ಅನ್ನುತ್ತೀರಲ್ಲ, ನಾನು ‘ಥೂ’ ಅನ್ನುತ್ತಿದ್ದೆ, ಅಷ್ಟೇ ಫರಕು. ಈ ಗುಣ ಬಂದದ್ದು ಅಪ್ಪನಿಂದ. ಅಪ್ಪ ಶಾಲೆಯ ಮಾಸ್ತರ. ಬಿಳಿ ಧೋತರ, ಬಿಳಿ ಅಂಗಿ. ಹಲಗೆಯ ಮೇಲೆ ಬರೆಯುವ ಖಡುವಿನ ಪುಡಿ ಬಿಟ್ಟರೆ ಬೇರೆ ಯಾವ ಧೂಳನ್ನೂ ಅವನು ಕೈಗೆ ಅಂಟಿಸಿಕೊಂಡವನಲ್ಲ.

ನಮ್ಮ ಊರು ಯಳವತ್ತಿಯ ಆಚೆ. ಸುತ್ತಲೂ ಎರೆ ಭೂಮಿ, ಅಂದರೆ ಕಪ್ಪು ಮಣ್ಣಿನ ಹೊಲ. ಮಳೆ ಬಂದರೆ ಚಪ್ಪಲಿಗೆ ಸೇರುಗಟ್ಟಲೆ ಅಂಟುತ್ತಿತ್ತು, ಬೇಸಿಗೆಯಲ್ಲಿ ನನ್ನ ಕೈ ಹೋಗುವಷ್ಟು ಅಗಲ ಬಿರಿಯುತ್ತಿತ್ತು. ನಮಗಿದ್ದದ್ದು ಒಂದೇ ಹೊಲ. ಅದರ ಮೂಡಣ ಮೂಲೆಯ ಬಿಳಿಜೋಳವೇ ನಮಗೆ ವರ್ಷದ ರೊಟ್ಟಿ. ಅವ್ವ ಬೇರೆ ಜೋಳದ ಹಿಟ್ಟು ಮುಟ್ಟಿದರೆ, ‘ಇದು ನಾದಾಕ ಬರಂಗಿಲ್ಲ’ ಎಂದು ಮುಖ ಸಿಂಡರಿಸುತ್ತಿದ್ದಳು.

ಆಗ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ತೊಲೆ, ಜಂತೆ, ಅದರ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮೊಣಕಾಲೆತ್ತರ ಮಣ್ಣು. ಅದು ಎಲ್ಲ ಕಡೆ ಸಿಗುವ ಮಣ್ಣಲ್ಲ. ಹಳ್ಳದ ದಂಡೆಯಲ್ಲಿ, ಬೇಸಿಗೆಗೆ ಬೆಳ್ಳಗೆ ಉಪ್ಪು ಉಕ್ಕಿ ನಿಲ್ಲುವ ತಗ್ಗಿನಿಂದ ಅದನ್ನು ಅಗೆದು ತರುತ್ತಿದ್ದರು. ಅದಕ್ಕೆ ಸವಳು ಮಣ್ಣು ಎನ್ನುತ್ತಾರೆ. ನೆನೆದರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ಪ್ರತಿ ವರ್ಷ ಮಳೆಗಾಲದ ಮುಂಚೆ ಹಳೆಯ ಮಣ್ಣಿನ ಮೇಲೆ ಹೊಸದನ್ನು ಹರಡುತ್ತಿದ್ದರು.

ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಹಿತ್ತಲ ಕಡೆಯ ತೊಲೆ ಮುರಿದು ಮಾಳಿಗೆ ಕುಸಿಯಿತು. ಬೇಸಿಗೆ ಬಂದಾಗ ಅಪ್ಪ ಆ ಭಾಗವನ್ನೆಲ್ಲ ಕೆಡವಿಸಿದ. ಗೋಡೆಯ ಮಣ್ಣು, ಮಾಳಿಗೆಯ ಮಣ್ಣು ಎಲ್ಲ ಕೂಡಿ ಅಂಗಳದಲ್ಲಿ ಒಂದೇ ರಾಶಿ ಬಿದ್ದಿತ್ತು. ಅಬ್ಬಾ, ಆ ನಾತ! ಇಲಿಯ ಹಿಕ್ಕೆ, ಹಲ್ಲಿಯ ಒಡೆದ ತತ್ತಿ, ಗೆದ್ದಲು ತಿಂದ ಕಟ್ಟಿಗೆ, ಎಷ್ಟೋ ವರ್ಷದ ಹೊಗೆ. ನಾನು ಸೆರಗಿಲ್ಲದ ಹುಡುಗಿ, ಲಂಗವನ್ನೇ ಎತ್ತಿ ಮೂಗಿಗೆ ಹಿಡಿದುಕೊಂಡು ಅವ್ವನಿಂದ ಬೈಸಿಕೊಂಡೆ.

ಹಳೆಯ ಮನೆಯ ಗೋಡೆ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ನಮ್ಮ ಕಡೆ ಎಲ್ಲರೂ ಬಲ್ಲರು. ಅಪ್ಪನೂ ಕೇಳಿದ್ದ. ಅಂಗಳವೂ ಸ್ವಚ್ಛವಾಯಿತು, ಹೊಲಕ್ಕೂ ಗೊಬ್ಬರವಾಯಿತು ಎಂದು ಎರಡು ಚಕ್ಕಡಿ ಗಾಡಿಗೆ ಹೇಳಿದ. ಮೂಡಣ ಮೂಲೆಗೇ ಹಾಕಬೇಕೆಂದು ಚಕ್ಕಡಿಯವರಿಗೆ ತಾಕೀತು ಮಾಡಿದ.

ಮಣ್ಣು ತುಂಬಲು ಬಂದವರಲ್ಲಿ ನಮ್ಮ ಹೊಲದ ಕಳೆ ತೆಗೆಯುತ್ತಿದ್ದ ಮುದುಕಿಯೂ ಇದ್ದಳು. ಅವಳನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಅವಳ ತವರು ಮುಂಡರಗಿ ಕಡೆಯ ಗುಡ್ಡದ ಸೆರಗು. ಅವಳು ರಾಶಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟುಕೊಂಡಳು! ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, ಆಮೇಲೆ ಪಕ್ಕಕ್ಕೆ ತಿರುಗಿ ಥೂ ಎಂದು ಉಗುಳಿದಳು. ನಾನು ಲಂಗವನ್ನು ಮತ್ತೆ ಮೂಗಿಗೆ ಒತ್ತಿಕೊಂಡೆ.

“ಮಾಸ್ತರ, ಇದನ್ನ ಹೊಲಕ್ಕ ಹೇರಬ್ಯಾಡ್ರಿ,” ಎಂದಳು ಆಯಿ. “ಗ್ವಾಡಿ ಮಣ್ಣು ಬ್ಯಾರೆ, ಮಾಳಿಗಿ ಮಣ್ಣು ಬ್ಯಾರೆ. ಎರಡೂ ಕೂಡಿಸಿಬಿಟ್ಟಾರ. ಉಪ್ಪ ಐತ್ರಿ ಇದ್ರಾಗ.”

“ಹಳೇ ಮಣ್ಣು ಬಂಗಾರ ಅಂತ ನೀವ ಅಂತೀರಿ, ಈಗ ಬ್ಯಾಡ ಅಂತ ನೀವ ಅಂತೀರಿ,” ಎಂದು ಅಪ್ಪ ನಕ್ಕ.

“ನಂದು ಸುಳ್ಳ ಅಂತನ ಇರಲಿ. ನೀವ ಒಂದು ಚಿಟಿಕಿ ಬಾಯಾಗ ಹಾಕ್ಕೊಂಡು ನೋಡ್ರಿ.”

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದ. “ಥೂ! ಇಲಿ ಹಿಕ್ಕಿ ಅದಾವ ಅದ್ರಾಗ. ನಾ ಏನ್ ಮಣ್ಣು ತಿನ್ನೋ ಕೂಸೇನು?” ಎಂದವನೇ ಚಕ್ಕಡಿಯ ಕಡೆ ತಿರುಗಿದ.

ಆಯಿ ನನ್ನನ್ನು ಕರೆದಳು. “ಯವ್ವಾ, ನೀನರ ನೋಡು ಬಾ. ಸಣ್ಣ ಹುಡುಗರ ನಾಲಿಗಿ ಸುಳ್ಳು ಹೇಳಂಗಿಲ್ಲ.”

ಯಾಕೆ ಒಪ್ಪಿದೆನೋ ಈಗಲೂ ಗೊತ್ತಿಲ್ಲ. ಅವಳ ಬೆರಳಿನಿಂದ ಒಂದಿಷ್ಟು ಮಣ್ಣು ತೆಗೆದುಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿದೆ. ಉಪ್ಪು. ಬರೀ ಉಪ್ಪಲ್ಲ, ಬಟ್ಟೆ ಒಗೆಯುವ ಸೋಡಾ ನೀರು ಬಾಯಿಗೆ ಹೋದ ಹಾಗೆ ಕಹಿ ಕಹಿ, ಜಾರು ಜಾರು.

ಅಷ್ಟರಲ್ಲಿ ಅಪ್ಪ ಹಿಂತಿರುಗಿ ನೋಡಿದ. “ಏನ್ ಮಾಡಿದಿ? ಬಾಯಾಗ ಹಾಕ್ಕೊಂಡೇನು? ಹೊಲಸು ಹುಡುಗಿ!” ಅವನ ಮುಖ ಕಿವುಚಿಕೊಂಡಿತ್ತು. ಇಲಿಯ ಹಿಕ್ಕೆಯನ್ನು ನೋಡಿದ ಹಾಗೆ ಅಪ್ಪ ನನ್ನನ್ನು ನೋಡುತ್ತಿದ್ದ. ಆ ನೋಟವನ್ನು ನನ್ನಿಂದ ತಾಳಲಾಗಲಿಲ್ಲ.

“ಇಲ್ಲಪ್ಪ. ಬರೇ ಮೂಸಿ ನೋಡಿದೆ. ಉಪ್ಪಿಲ್ಲ, ಏನಿಲ್ಲ,” ಎಂದುಬಿಟ್ಟೆ.

ಆಯಿ ನನ್ನ ಮುಖ ನೋಡಿದಳು. ನನ್ನ ತುಟಿಯ ಮೇಲೆ ಮಣ್ಣು ಇದ್ದಿರಲೇಬೇಕು. “ಆತು ಬಿಡ್ರಿ,” ಎಂದು ಕೈ ಕೊಡವಿ ಎದ್ದು ಬುಟ್ಟಿಗೆ ಮಣ್ಣು ತುಂಬತೊಡಗಿದಳು. ಸಂಜೆಯೊಳಗೆ ಇಡೀ ರಾಶಿ ಹೊಲ ಸೇರಿತು. ನಾನು ಬಚ್ಚಲಲ್ಲಿ ಕುಳಿತು ನಾಲಿಗೆಯನ್ನು ಬೂದಿ ಹಚ್ಚಿ ತಿಕ್ಕಿಕೊಂಡೆ.

ಮಳೆ ಬಿತ್ತು. ಬೇರೆಯವರ ಹೊಲದಲ್ಲಿ ನೀರು ಇಂಗಿದರೂ ನಮ್ಮ ಮೂಲೆಯಲ್ಲಿ ಇಂಗಲಿಲ್ಲ. ಹಸಿರು ಪಾಚಿ ಕಟ್ಟಿ, ಸೊಳ್ಳೆ ಎದ್ದು, ಕೊಳೆತ ವಾಸನೆ ಹೊಡೆಯಿತು. ನೀರು ಆರಿದ ಮೇಲೆ ಮೇಲ್ಗಡೆ ಬಿಳಿ ಹಕ್ಕಳೆ ಎದ್ದಿತು, ಕಜ್ಜಿ ಒಣಗಿದ ಚರ್ಮದ ಹಾಗೆ. ಬಿತ್ತಿದ ಜೋಳ ಗೇಣುದ್ದ ಬೆಳೆದು ಹಳದಿಯಾಗಿ ಮಲಗಿತು. ಆ ವರ್ಷ ಸಂತೆಯ ಜೋಳ ತಂದೆವು. ಅವ್ವ ಒಡೆದು ಹೋಗುವ ರೊಟ್ಟಿಗಳನ್ನೇ ಬಡಿದಳು. ಪ್ರತಿ ತುತ್ತಿಗೂ ನನಗೆ ನನ್ನ ಮೇಲೇ ವಾಕರಿಕೆ ಬರುತ್ತಿತ್ತು.

ಒಂದು ದಿನ ಅಪ್ಪ ಆ ಮೂಲೆಯಲ್ಲಿ ನಿಂತಿದ್ದ. ಆಯಿಯೂ ಇದ್ದಳು. ಅಪ್ಪ ಧೋತರ ಎತ್ತಿ ಕಟ್ಟಿ, ಬಗ್ಗಿ, ಬಿಳಿ ಹಕ್ಕಳೆ ಕಿತ್ತು ಬಾಯಿಗೆ ಹಾಕಿಕೊಂಡ. ಉಗುಳಲಿಲ್ಲ. “ನೀ ಹೇಳಿದ್ದು ಖರೆ ಆಯಿ. ಈಗೇನು ಮಾಡೋದು?” ಎಂದ.

ಆಯಿ ಅವನನ್ನೂ ನನ್ನನ್ನೂ ಹೊಲದ ಬಾವಿಯ ಅಂಚಿಗೆ ಕರೆದೊಯ್ದು ಒಳಗಡೆ ತೋರಿಸಿದಳು. ತಳದಲ್ಲಿ ಕರಿ ಕಲ್ಲು, ಅದರ ಮೇಲೆ ಪುಡಿಪುಡಿ ಗರಸು ಕಲ್ಲು, ಎಲ್ಲಕ್ಕಿಂತ ಮೇಲೆ ಎರೆ ಮಣ್ಣು.

“ಕಲ್ಲು ಮುಪ್ಪಾಗಿ ಮಣ್ಣಾಗ್ತೈತ್ರಿ. ನಮ್ಮ ತವರಾಗ ಕೆಂಪು ಕಲ್ಲು, ಅದಕ್ಕ ಮಸಾರಿ, ಕೆಂಪು ಮಣ್ಣು. ಅಲ್ಲಿ ನೀರು ಜಲ್ದಿ ಹರಿದು ಹೋಗ್ತೈತಿ, ಒಡ್ಡು ಹಾಕದಿದ್ರ ಮಣ್ಣೂ ಹೋಗ್ತೈತಿ. ಇಲ್ಲಿ ಎರಿ, ನೀರು ಹಿಡಕೊಂಡು ಕುಂಡ್ರತೈತಿ. ಅದಕ್ಕ ಸವಳು ಕೂಡಿದ್ರ ಉಸಿರ ಕಟ್ಟತೈತಿ. ಇಷ್ಟು ಮಣ್ಣಾಗಾಕ ಎಷ್ಟು ತಲಿಮಾರು ಹೋಗ್ಯಾವೋ, ನಾವು ಎರಡು ಚಕ್ಕಡ್ಯಾಗ ಕೆಡಿಸಿದಿವಿ.” ಅವಳು ‘ನಾವು’ ಎಂದಳು. ನನ್ನ ಕಡೆ ನೋಡಲಿಲ್ಲ.

ಮುಂದಿನ ವರ್ಷಗಳಲ್ಲಿ ಉಪ್ಪು ನೀರು ಹೊರಹೋಗಲು ಕಾಲುವೆ ಕಡಿದರು. ಸೆಣಬು ಬಿತ್ತಿ, ಹಸಿಯಾಗಿದ್ದಾಗಲೇ ಗಳೆ ಹೊಡೆದು, ಉತ್ತು ಮಣ್ಣಿಗೆ ಸೇರಿಸಿದರು. ಶಾಲೆ ಬಿಟ್ಟ ಮೇಲೆ ಅಪ್ಪ ತಿಪ್ಪೆಯ ಗೊಬ್ಬರದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತ. ಗೊಬ್ಬರದ ರಸ ಕಿವಿಯ ಹಿಂದೆ ಇಳಿದು ಬಿಳಿ ಅಂಗಿಯ ಕೊರಳಪಟ್ಟಿಯವರೆಗೆ ಬರುತ್ತಿತ್ತು. ಹಿಂದೆ ಸಣ್ಣ ಬುಟ್ಟಿ ಹೊತ್ತು ನಾನು ನಡೆಯುತ್ತಿದ್ದೆ. ಹೇಸಿಕೆ ಹೋಗಿತ್ತೆಂದು ತಿಳಿಯಬೇಡಿ, ಅದು ಹೋಗಲಿಲ್ಲ. ಆದರೂ ಹೊತ್ತೆ. ಆ ಮೂಲೆಯಲ್ಲಿ ಮತ್ತೆ ಜೋಳದ ತೆನೆ ತೂಗುವ ಹೊತ್ತಿಗೆ ನಾನು ಸೀರೆ ಉಡುತ್ತಿದ್ದೆ. ಅದನ್ನು ನೋಡಲು ಆಯಿ ಇರಲಿಲ್ಲ.

ಮೊನ್ನೆ ರಜೆಗೆ ಬಂದಾಗ ನಿಮ್ಮನ್ನು ಅದೇ ಹೊಲಕ್ಕೆ ಕರೆದೊಯ್ದೆನಲ್ಲ. ತಿಪ್ಪೆ ಕಂಡು ನೀವೆಲ್ಲ ಮೂಗು ಹಿಡಿದುಕೊಂಡಿರಿ. ಬದುವಿನ ಉದ್ದಕ್ಕೂ ಬಿದ್ದಿದ್ದ ಗುಟ್ಕಾ ಚೀಟಿ, ಹರಿದ ಪ್ಲಾಸ್ಟಿಕ್ ಚೀಲ, ಔಷಧ ಹೊಡೆದು ಎಸೆದ ಬಾಟಲಿಗಳನ್ನು ದಾಟಿ ಬಂದಿರಿ, ಆಗ ಯಾರೂ ಮೂಗು ಹಿಡಿಯಲಿಲ್ಲ. ಪಕ್ಕದ ಹೊಲದಲ್ಲಿ ಜೆಸಿಬಿ ಎರೆ ಮಣ್ಣು ಬಗೆದು ಟ್ರ್ಯಾಕ್ಟರಿಗೆ ತುಂಬುತ್ತಿತ್ತು. ನೀವು ಅದರ ಫೋಟೊ ತೆಗೆದುಕೊಂಡಿರಿ. ನನಗೆ ಮೈಯೆಲ್ಲ ಉರಿಯಿತು.

ನಿಮ್ಮಲ್ಲಿ ಚಿಕ್ಕವಳು ಮೂಡಣ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಚಿಟಿಕೆ ಮಣ್ಣು ಹಿಡಿದು, “ಅಜ್ಜಿ, ರುಚಿ ನೋಡ್ಲಾ?” ಎಂದಳು. ನಾನು ಓಡಿ ಹೋಗಿ ಅವಳ ಕೈ ಹೊಡೆದು ಬೀಳಿಸಿದೆ. ಹಿಂದಿನ ದಿನವಷ್ಟೇ ಆ ಸಾಲಿಗೆ ಕಳೆನಾಶಕ ಹೊಡೆಸಿದ್ದೆವು. ಹೊಡೆಸಿದವಳು ನಾನೇ. ಕಳೆ ಕೀಳಲು ಕೂಲಿಗೆ ಯಾರೂ ಸಿಗಲಿಲ್ಲ ಎಂಬ ನೆವ ನನಗೂ ಇತ್ತು.

“ಮಣ್ಣು ಹೊಲಸೇನಜ್ಜಿ?” ಎಂದು ಅಳುತ್ತ ಕೇಳಿದಳು. ಆಗ ಅವಳ ಕೈ ತೊಳೆಸಿದೆ, ಅಷ್ಟೇ. ಹಿಂದೊಮ್ಮೆ ಅಪ್ಪ ಕೇಳಿದಾಗ ಸುಳ್ಳು ಹೇಳಿದ್ದೆ, ಅವನು ಸಾಯುವವರೆಗೂ ಅದನ್ನು ತಿದ್ದಲಿಲ್ಲ. ನಿನಗೆ ಖರೆ ಹೇಳುತ್ತೇನೆ ಮಗಳೇ. ಅಂದು ನನ್ನ ನಾಲಿಗೆಯ ಮೇಲೆ ಉಪ್ಪಿತ್ತು. ಮಣ್ಣು ಹೊಲಸಲ್ಲ, ಹೊಲಸು ಮಾಡಿದವರು ನಾವು.