ಟೈಪ್‌ರೈಟರಿಗೆ ತಕ್ಕ ಚೀಲ

ಅವತ್ತು ಬೆಳಿಗ್ಗೆ ಎದ್ದು ನೋಡಿದರೆ ಟೈಪ್‌ರೈಟರಿನ ಹಣೆಯ ಮೇಲೆ ಕುಂಕುಮ ಇತ್ತು.

ಟೈಪ್‌ರೈಟರಿಗೆ ಹಣೆ ಎಲ್ಲಿರುತ್ತದೆ ಅಂತ ಕೇಳಬೇಡಿ. ಅಜ್ಜಿ ಹುಡುಕಿದ್ದಳು... ಕಂಪನಿಯ ಹೆಸರು ಇರುತ್ತದಲ್ಲ, ಸರಿಯಾಗಿ ಅದರ ನಡುವೆ ಇಟ್ಟಿದ್ದಳು.

ಎಂಬತ್ತರ ದಶಕದ ಶುರುವಿನ ಮಾತು. ಕನ್ನಡ ಸಾಹಿತ್ಯ ಓದಿ ಬಿ.ಎ. ಮುಗಿಸಿ ಹೊನ್ನಾಳಿಯ ಮನೆಯಲ್ಲಿ ಕೂತಿದ್ದೆ. ಪದ್ಯಕ್ಕೆ ಅರ್ಥ ಹೇಳಬಲ್ಲೆ ಅಂದರೆ ಯಾರೂ ಕೆಲಸ ಕೊಡುತ್ತಿರಲಿಲ್ಲ, ಹಾಗಾಗಿ ಟೈಪಿಂಗ್ ಕಲಿತೆ.

ಪರೀಕ್ಷೆ ಶಿವಮೊಗ್ಗದಲ್ಲಿ. ಮೆಷಿನ್ ನಾವೇ ಒಯ್ಯಬೇಕು.

ಮೆಷಿನ್ ಸೋದರಮಾವನದು, ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಚಿಕ್ಕದು. ಅದರ ಸ್ವಂತ ಪೆಟ್ಟಿಗೆ ಮುರಿದು ಎಷ್ಟೋ ಕಾಲವಾಗಿತ್ತು. "ಒಂದ್ ಅಕ್ಷರದ ಕಡ್ಡಿ ಬಗ್ಗಿದ್ರೂ ನಿನ್ ಪರೀಕ್ಷೆ ಅಲ್ಲಿಗೇ ಮುಗೀತು ನೋಡವ್ವ" ಅಂತ ಹೆದರಿಸಿಯೇ ಮಾವ ಕೊಟ್ಟಿದ್ದ.

ಹಿಂದಿನ ದಿನವೆಲ್ಲ ಚೀಲ ಹುಡುಕುವುದೇ ಆಯಿತು.

ಮಾವ ಹೇಳಿದ್ದು ಗೋಣಿಚೀಲ, ಒಳಗೆ ಭತ್ತದ ಹುಲ್ಲು. ಕೀಲಿಗಳ ಸಂದಿಯಲ್ಲಿ ಹುಲ್ಲು ಸಿಕ್ಕಿಕೊಂಡರೆ? ಟ್ರಂಕಿನಲ್ಲಿಟ್ಟು ಎತ್ತಿ ನೋಡಿದೆ, ಪಾತ್ರೆ ಅಂಗಡಿ ಮಗುಚಿಬಿದ್ದಂತೆ ಸದ್ದಾಯಿತು.

ಕೊನೆಗೆ ಪೇಟೆಯಲ್ಲಿ ಒಂದು ರೆಕ್ಸಿನ್ ಬ್ಯಾಗು ಕಂಡಿತು. ಒಳಗೆ ದಪ್ಪ ಸ್ಪಂಜು. ರಿಬ್ಬನ್ ಡಬ್ಬಿಗೊಂದು ಜೇಬು, ಕಾರ್ಬನ್ ಹಾಳೆಗೊಂದು ಜೇಬು... ಮನಸೋತೆ.

ಅಂಗಡಿಯವರು ಹುರುಪಿನಿಂದ ಬ್ಯಾಗಿಗೆ ಗುದ್ದಿ ತೋರಿಸಿದರು. "ಏನೂ ಆಗಲ್ಲ ಕಣ್ರೀ ಇದಕ್ಕೆ. ಬಸ್ಸಿನ ಕಿಟಕೀಲಿ ಎಸೆದು ಸೀಟು ಹಿಡೀರಿ. ಬೇಕಾದ್ರೆ ಮೇಲೇ ಕುತ್ಕಳ್ರಿ!"

ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟೆ.

ತೊಂದರೆ ಇರುವುದೇ ಅಲ್ಲಿ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಗಟ್ಟಿ ಬ್ಯಾಗು ಕಂಡರೆ ಸೀಟು ಹಿಡಿಯಲು ಕಿಟಕಿಯಿಂದ ತೂರುತ್ತಾರೆ, ಅದರ ಮೇಲೆ ಮೂಟೆ ಹೇರುತ್ತಾರೆ, ಆಮೇಲೆ ತಾವೂ ಕೂರುತ್ತಾರೆ. ಬ್ಯಾಗು ಗಟ್ಟಿಯಾದಷ್ಟೂ ಮೆಷಿನ್ನಿಗೆ ಅಪಾಯ.

ಇದು ಅಜ್ಜಿಗೆ ಒಂದೇ ಮಾತಿಗೆ ಅರ್ಥವಾಯಿತು. ಬೆಳಿಗ್ಗೆ ಕುಂಕುಮ ಇಟ್ಟ ಮೇಲೆ ಬಿದಿರಿನ ಬುಟ್ಟಿ ತಂದು ಒಳಗೆ ಕೌದಿ ಮಡಿಸಿ ಹಾಸಿದಳು. ಮೆಷಿನ್ ಕೂರಿಸಿ, ತನ್ನ ಹಳೆಯ ಕೆಂಪು ಸೀರೆಯ ತುಂಡನ್ನು ಮೇಲೆ ಎಳೆದು ಬಿಗಿದಳು. ಗಂಟಿಗೊಂದು ಸೇವಂತಿಗೆ ಸಿಕ್ಕಿಸಿದಳು.

"ಈಗ ಯಾವನು ಕಾಲು ಹಾಕ್ತಾನೋ ಹಾಕ್ಲಿ, ನೋಡ್ತೀನಿ" ಅಂತ ನಕ್ಕಳು.

ಅವಳು ಯಾಕೆ ನಕ್ಕಳು ಅಂತ ಬಸ್ ಹತ್ತಿದಾಗ ಗೊತ್ತಾಯಿತು.

"ಏ ಸರೀರಿ, ಸರೀರಿ! ಅಮ್ಮ ಬಂದಾಳೆ. ಕಾಲು ಗೀಲು ತಾಗಿಸೀರಿ ಮತ್ತೆ!" ಕಂಡಕ್ಟರ್ ಕೂಗಿದರು.

ಯಾವ ಅಮ್ಮ ಅಂತ ನಾನೂ ಹಿಂತಿರುಗಿ ನೋಡಿದೆ. ಅಮ್ಮ ನನ್ನ ಸೊಂಟದ ಮೇಲೇ ಇದ್ದಳು... ನಮ್ಮ ಕಡೆ ದೇವಿಯನ್ನು ಹೀಗೇ ಬುಟ್ಟಿಯಲ್ಲಿ ಕೂರಿಸಿ, ಕೆಂಪು ಬಟ್ಟೆ ಮುಚ್ಚಿ ಊರೂರಿಗೆ ಕರೆದೊಯ್ಯುವವರಿದ್ದಾರೆ.

ನಿಜ ಹೇಳಲು ಬಾಯಿ ತೆರೆದೆ. ಆದರೆ ಆಗ ನನ್ನ ದನಿ ನನಗೆ ಮಾತ್ರ ಕೇಳಿಸುತ್ತಿತ್ತು.

"ಮಾತಾಡಿಸ್ಬ್ಯಾಡ್ರೋ, ಆಯಮ್ಮಂಗೆ ಮೌನವ್ರತ ಇರಬೇಕು" ಅಂದರು ಹಿಂದಿನ ಸೀಟಿನ ಯಜಮಾನರು. ಅಲ್ಲಿಗೆ ನನ್ನ ಬಾಯಿಯೂ ಮುಚ್ಚಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಸ್ಪಂಜು ಕೊಡದ ರಕ್ಷಣೆಯನ್ನು ಒಂದು ಸೇವಂತಿಗೆ ಕೊಟ್ಟಿತ್ತು. ನಗು ಬಚ್ಚಿಡಲು ಹೊರಗೆ ನೋಡುತ್ತ ಕೂತೆ.

ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು.

ಟಿಣ್!

ಸಾಲು ಮುಗಿಯಿತು ಅಂತ ಟೈಪ್‌ರೈಟರ್ ಹೊಡೆಯುವ ಗಂಟೆ ಅದು. ಅಜ್ಜಿ ಬಟ್ಟೆ ಬಿಗಿದ ರಭಸಕ್ಕೆ ಮೇಲಿನ ರೋಲರಿನ ಹಿಡಿತ ಸಡಿಲಿ, ಬಸ್ಸು ವಾಲಿದ ಕಡೆಗೆ ಜಾರಿತ್ತು. ಇದು ನನಗೆ ಗೊತ್ತು, ಬಸ್ಸಿನವರಿಗೆ ಗೊತ್ತಿಲ್ಲ. ಮುಂದಿನವರು ಕೈ ಮುಗಿದರು. ಡ್ರೈವರ್ ಬೀಡಿ ಹೊರಗೆಸೆದರು.

ನನ್ನ ಪಕ್ಕದಲ್ಲಿ ಗೋವಿನಕೋವಿ ಊರಿನ ಹೆಂಗಸೊಬ್ಬರು, ಅವರ ಆಚೆಗೆ ಮಗಳು. ತಾಯಿ ಸೆರಗು ಹೊದ್ದು, ಕಣ್ಣು ಮುಚ್ಚಿ, ಬುಟ್ಟಿಯ ಕಡೆ ಬಾಗಿದರು.

"ತಾಯೀ, ಮಗಳಿಗೆ ಶಿವಮೊಗ್ಗದ ಗಂಡು ಬಂದೈತೆ. ಮಾತು ಕೊಡಾಕೆ ಹೊಂಟೀವಿ. ಎರಡನೇ ಸಂಬಂಧ, ವಯಸ್ಸೂ ಜಾಸ್ತಿ... ಆದ್ರೆ ಮನೆ ದೊಡ್ಡದೈತೆ. ನಿನಗೆ ಒಪ್ಪಿಗೆ ಇದ್ರೆ ಬಸ್ಸು ಇಳಿಯೋದ್ರಾಗೆ ಇನ್ನೊಂದ್ಸಲ ಗಂಟೆ ಹೊಡಿ. ಹೊಡೀಲಿಲ್ಲ ಅಂದ್ರೆ ಹಂಗೇ ವಾಪಸ್ ಹೋಗ್ತೀವಿ."

ನನ್ನ ನಗು ಇಂಗಿಹೋಯಿತು. ಬಟ್ಟೆಯೊಳಗೆ ಕೈ ತೂರಿಸಿ ರೋಲರನ್ನು ಹಿಡಿದೆ.

ಆಗ ಕಂಡಿತು, ಬಟ್ಟೆಯ ಒಂದು ಅಂಚು ಸರಿದು ಎರಡು ಕೀಲಿ ಹೊರಗೆ ಇಣುಕುತ್ತಿದ್ದವು. ಮಗಳು ಅವನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು.

ತಾಯಿಯ ಕಣ್ಣು ಇನ್ನೂ ಮುಚ್ಚಿತ್ತು. ಹುಡುಗಿ ಒಂದೇ ಒಂದು ಸಲ, ಬೇಡ ಅನ್ನುವಂತೆ ತಲೆಯಾಡಿಸಿದಳು.

ಬಸ್ಸು ಮತ್ತೊಂದು ಗುಂಡಿಗೆ ಬಿತ್ತು. ತಾಯಿ ಕಿವಿಗೊಟ್ಟರು. ಸದ್ದಿಲ್ಲ.

"ಇನ್ನೂ ಗುಂಡಿ ಅದಾವೆ, ತಡಿ ಅವ್ವಾ" ಅಂದಳು ಮಗಳು, ಏನೂ ಅರಿಯದವಳ ಹಾಗೆ. ಅವಳ ಭುಜ ನಗುವಿಗೆ ಕುಲುಕುತ್ತಿತ್ತು, ಕೈ ಮಾತ್ರ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

ಅರ್ಧ ದಾರಿ ಇನ್ನೂ ಬಾಕಿ. ರೋಲರ್ ಪ್ರತಿ ಗುಂಡಿಗೂ ಓಡಲು ನೋಡುತ್ತದೆ, ನನ್ನ ಬೆರಳು ಮರಗಟ್ಟುತ್ತಿವೆ. ಇಳಿದ ಕೂಡಲೇ ಸ್ಪೀಡ್ ಟೆಸ್ಟು. ಮರಗಟ್ಟಿದ ಬೆರಳಿಗೆ ಎಲ್ಲಿಯ ಸ್ಪೀಡು?

ಪರೀಕ್ಷೆ ಆರು ತಿಂಗಳಿಗೆ ಮತ್ತೆ ಬರುತ್ತದೆ ಅಂದುಕೊಂಡು, ಇನ್ನೊಂದು ಕೈಯನ್ನೂ ಬುಟ್ಟಿಯೊಳಗೆ ಹಾಕಿದೆ.